ಕರ್ನಲ್ ವೀಲಾಕರ ಕೆಂಪು ಕೋಟು

ನ್ಯೂ ಹ್ಯಾಂಪ್‌ಶೈರಿನ ಬೆಟ್ಟದ ಮೇಲೆ ನಾವು ರಜೆ ಕಳೆಯುವ ಆಲ್ಡರ್‌ನಾಚ್ ಹೋಟೆಲಿಗೆ ಗಾಲ್ಫ್ ಬಂದು ಅದು ಎರಡನೆಯ ಬೇಸಿಗೆ. ಗಂಡಸರಿಗೆಲ್ಲ ಅದೊಂದೇ ಹುಚ್ಚು. ಹೋಟೆಲಿನ ಮುಂದಿನ ಕೊರಕಲಿನಾಚೆಯ ದೊಡ್ಡ ಮೈದಾನಕ್ಕೆ ಕೆಂಪು ಕೋಟು ತೊಟ್ಟವರು ಮಾತ್ರ ಕಾಲಿಡಬೇಕೆಂದು ಗಾಲ್ಫ್ ಸಮಿತಿಯ ಅಧ್ಯಕ್ಷ ಕರ್ನಲ್ ವೀಲಾಕ್ ಕಟ್ಟಪ್ಪಣೆ ಮಾಡಿದ್ದರು. ಕೆಂಪು ಕೋಟು ಹೊಲಿಸುತ್ತಿದ್ದದ್ದು ಗಂಡಸರಿಗಷ್ಟೆ. ಹೆಂಗಸರಿಗೆ ಅಡುಗೆಮನೆಯ ಹಿಂದೆ ಅಂಗೈಯಗಲದ ಜಾಗ. ಅಲ್ಲಿ ಮೆಲ್ಲಗೆ ಚೆಂಡು ಉರುಳಿಸಿಕೊಂಡಿರಬೇಕು.

ನನ್ನ ತಂಗಿಯ ಮಗಳು ಹೆಸ್ಟರ್‌ಗೆ ದೊಡ್ಡ ಮೈದಾನದ್ದೇ ಧ್ಯಾನ. ಒಂದು ಬೆಳಿಗ್ಗೆ ಕರ್ನಲ್ಲರನ್ನು ಅಡ್ಡಗಟ್ಟಿ, ತನಗೂ ಅಲ್ಲಿ ಆಡಲು ಬಿಡಿ ಎಂದು ಕೇಳಿಯೇ ಬಿಟ್ಟಳು.

"ಹೆಂಗಸರ ತೋಳು ಹೆಗಲಿಗಿಂತ ಮೇಲೆ ಏಳಲ್ಲಮ್ಮ," ಎಂದು ಅವರು ನಕ್ಕರು. "ಮೂರು ಚೆಂಡು ಕೊಡ್ತೀನಿ. ಒಂದನ್ನಾದ್ರೂ ಕೊರಕಲು ದಾಟಿಸು, ನೀನೂ ಆಡುವಿಯಂತೆ."

ವರಾಂಡದ ತೂಗುಕುರ್ಚಿಗಳೆಲ್ಲ ಗಕ್ಕನೆ ನಿಂತವು. ಮೊದಲ ಚೆಂಡು ಕೊರಕಲಿಗೆ ಬಿತ್ತು. ಎರಡನೆಯದೂ ಬಿತ್ತು. ಗಂಡಸರು ಕಿಸಕ್ಕನೆ ನಕ್ಕಾಗ ನನಗೆ ಮೈಯೆಲ್ಲ ಉರಿಯಿತು. ಹುಡುಗಿಯಲ್ಲಿ ಬಲಕ್ಕೇನೂ ಕಮ್ಮಿ ಇರಲಿಲ್ಲ. ಕಂಕುಳಲ್ಲಿ ಬಿಗಿದು ಹೊಲಿದ ಜಾಕೀಟು ಅವಳ ತೋಳನ್ನು ಹಿಡಿದೆಳೆಯುತ್ತಿತ್ತು. ಜೀವನವಿಡೀ ಅಂಥದ್ದೇ ತೊಟ್ಟ ನನಗೆ ಅಷ್ಟೂ ತಿಳಿಯದೆ?

"ಆ ಜಾಕೀಟು ಬಿಚ್ಚಿ ಬಿಸಾಕೇ, ಹೆಸ್ಟರ್!" ಎಂದು ಕೂಗಿದೆ.

ಕರ್ನಲ್ ಹೌಹಾರಿದರು. "ಏನ್ರೀ ಮಿಸೆಸ್ ಟ್ರಾಸ್ಕ್, ಬರೀ ಅಂಗೀಲಿ ನಿಲ್ಲೋದಾ? ನಾಲ್ಕು ಜನ ನೋಡ್ತಿದಾರೆ!"

"ಅಷ್ಟು ಸಂಕಟ ಆದ್ರೆ ನಿಮ್ಮ ಕೋಟು ಕೊಡ್ರಿ. ಹೆಣ್ಣುಮಗಳು ಕೋಟಿಲ್ಲದೆ ನಿಂತಿದ್ರೆ ದೊಡ್ಡ ಮನುಷ್ಯರು ನೋಡ್ಕೊಂಡು ಸುಮ್ಮನಿರ್ತಾರಾ?"

ವರಾಂಡದ ಅಷ್ಟೂ ಕಣ್ಣು ಅವರ ಮೇಲಿತ್ತು. ಬೇರೆ ದಾರಿ ಕಾಣದೆ ಕೋಟು ಕಳಚಿ ಕೊಟ್ಟರು.

"ಅಯ್ಯೋ ದೊಡ್ಡಮ್ಮಾ, ಇದರಲ್ಲಿ ನೀನೂ ಹಿಡಿಸ್ತೀಯ!" ಎನ್ನುತ್ತ ಹೆಸ್ಟರ್ ಜಾಕೀಟು ಬಿಚ್ಚಿ, ಕೋಟು ತೊಟ್ಟು, ಅದರ ಉದ್ದನೆಯ ತೋಳುಗಳನ್ನು ಮಡಚಿಕೊಂಡಳು. ಕೋಲು ಎತ್ತಿದಳು. ತೋಳು ಹೆಗಲು ದಾಟಿ, ತಲೆಯ ಮೇಲಕ್ಕೆ ಏರಿತು. ಹೊಡೆದ ಸದ್ದಿಗೆ ನಾವೆಲ್ಲ ಎದ್ದು ನಿಂತೆವು. ಚೆಂಡು ಕೊರಕಲಿನ ಮೇಲೆ ಹಾರಿ, ಆಚೆಯ ಹುಲ್ಲಿನಲ್ಲಿ ಪುಟಿದು ಪುಟಿದು ನಿಂತಿತು. ನಾನು ಈ ವಯಸ್ಸಿನಲ್ಲಿ ನಾಚಿಕೆ ಬಿಟ್ಟು ಶಿಳ್ಳೆ ಹಾಕಿದೆ.

ಕರ್ನಲ್ ಗಂಟಲು ಸರಿಮಾಡಿಕೊಂಡರು. "ದಾಟ್ತು, ಒಪ್ಕೊಂಡೆ. ಆದ್ರೆ ರೂಲ್ಸು ಅಂದ್ರೆ ರೂಲ್ಸು. ಕೆಂಪು ಕೋಟು ಇಲ್ಲದವರು ಆಚೆ ಕಾಲಿಡೋ ಹಾಗಿಲ್ಲ."

ಹೆಸ್ಟರ್ ಸಾವಕಾಶವಾಗಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಳು.

"ಹೌದು ಕರ್ನಲ್, ರೂಲ್ಸು ಮುರೀಬಾರ್ದು. ನೀವು ಇಲ್ಲೇ ಇರಿ," ಎಂದವಳೇ ಕೋಲನ್ನು ಹೆಗಲಿಗೇರಿಸಿ ಕೊರಕಲಿನ ಸೇತುವೆ ದಾಟಿದಳು. ಬರೀ ಅಂಗಿಯಲ್ಲಿದ್ದ ಕರ್ನಲ್ ವೀಲಾಕ್ ಈಚೆ ದಡದಲ್ಲೇ ನಿಂತರು.