ಒಂದು ಗೇಣು ಸಜ್ಜ

ಈರವ್ವನ ಮನೆಗೆ ಸರ್ಕಾರದ ಸಹಾಯಧನ ಮಂಜೂರಾದ ದಿನ ನಾನು ಒಲೆಯ ಮೇಲೆ ಸಾರು ಇಟ್ಟದ್ದನ್ನೇ ಮರೆತೆ. ಸಾರು ಸೀದುಹೋಯಿತು. ನನ್ನ ಹೊಟ್ಟೆಯೂ ಉರಿಯಿತು, ಅದನ್ನು ಸುತ್ತಿಬಳಸಿ ಹೇಳುವುದೇನಿದೆ? ನಮ್ಮ ಕೊಡಿಗೇಹಳ್ಳಿಯ ಹಳೇ ಊರಿನಲ್ಲಿ, ನಮ್ಮದೇ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಅವಳು ಮೌಲ್ಡ್ ಮನೆ ಕಟ್ಟುತ್ತಾಳೆ, ನಾನು ಪಕ್ಕದಲ್ಲಿ ಸೋರುವ ಹೆಂಚಿನ ಕೆಳಗೆ ಕೂತು ಅದನ್ನು ನೋಡಬೇಕು ಅಂದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಆ ಜಾಗವನ್ನು ಮಾರಿದವರು ನಮ್ಮ ಯಜಮಾನರೇ. ಅವರಿಗೆ ಎಲ್ಲದರಲ್ಲೂ ಅವಸರ. ಏರ್‌ಪೋರ್ಟ್ ರಸ್ತೆ ಆಗುವ ಮೊದಲೇ ತಮ್ಮ ಪಾಲಿನ ಹೊಲ ಮಾರಿಬಿಟ್ಟರು. ಅವರ ಅಣ್ಣ ವೆಂಕಟರಾಮಯ್ಯನವರು ರಸ್ತೆ ಆದ ಮೇಲೆ ಮಾರಿದರು. ಹಾಗಾಗಿ ಭಾವನವರದು ಬೀದಿಯ ಮೂಲೆಯಲ್ಲಿ ಮೂರಂತಸ್ತಿನ ಮನೆ, ಮುಂದೆ ಬಿಳಿ ಕಾರು. ನಮ್ಮದು ಮಾವನ ಕಾಲದ ಹೆಂಚಿನ ಮನೆ, ಮುಂದೆ ಯಜಮಾನರ ಗೂಡ್ಸ್ ಆಟೋ. ದನಗಳು ಹೋದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆ ಜಾಗವನ್ನು ಸಂಗಪ್ಪನಿಗೆ ಕೊಟ್ಟರು. ಸಂಗಪ್ಪ ಗದಗದ ಕಡೆಯವನು, ಸಹಕಾರನಗರದ ಪಾರ್ಕಿನಲ್ಲಿ ಮಾಲಿ. ಈರವ್ವ ಅವನ ಹೆಂಡತಿ. ಇಬ್ಬರೂ ಅಲ್ಲಿ ಶೀಟು ಹೊದಿಸಿಕೊಂಡು ತಮ್ಮ ಪಾಡಿಗೆ ತಾವಿದ್ದರು. ಅವಳು ಶೀಟಿನ ಮನೆಯಲ್ಲಿ ಇರುವಷ್ಟು ದಿನ ನನಗೂ ಅವಳನ್ನು ಕಂಡರೆ ಬಹಳ ಪ್ರೀತಿ. ಹುಳಿ ಮಾಡಿದರೆ ಒಂದು ಬಟ್ಟಲು ಅವಳಿಗೆ ಹೋಗಲೇಬೇಕು.

ಸಹಾಯಧನ ನಮಗೂ ಬರಬೇಕಿತ್ತು, ಯಜಮಾನರು ಅರ್ಜಿ ಹಾಕಿದ್ದರು. ಬರದೇ ಹೋದದ್ದು ಹೀಗೆ.

ಆಗ ನಮ್ಮ ಮಗಳು ನಯನಾಗೆ ಗಂಡು ನೋಡುತ್ತಿದ್ದೆವು. ನಮ್ಮ ಕಡೆ ಗಂಡಿನವರು ಹೆಣ್ಣು ನೋಡಲು ಬರುವ ಮೊದಲು ಗುಟ್ಟಾಗಿ ಯಾರನ್ನಾದರೂ ಕಳಿಸಿ ಮನೆ ಮಠ ಎಲ್ಲ ವಿಚಾರಿಸುತ್ತಾರೆ. ದೊಡ್ಡಬಳ್ಳಾಪುರದಿಂದ ಒಂದು ಸಂಬಂಧ ಬಂದಿತ್ತು. ಆ ವಾರವೇ, ನಾನು ಕರಿಬೇವು ತೆಗೆದುಕೊಂಡು ಭಾವನವರ ಮನೆಯ ಮುಂದೆ ಬರುತ್ತಿದ್ದಾಗ, ಚೆಕ್ಸ್ ಶರ್ಟು ಹಾಕಿದ ಒಬ್ಬ ಮನುಷ್ಯ ಮೊಬೈಲು ಹಿಡಿದು ನಿಂತಿದ್ದ.

"ಮೇಡಂ, ಅಶ್ವತ್ಥ್ ಅನ್ನೋರ ಮನೆ ಯಾವ್ದು?"

"ಯಾಕ್ ಸಾರ್? ಅವ್ರು ನಮ್ಮೆಜಮಾನ್ರೇ."

"ಮನೆ ಸ್ವಂತದ್ದಾ? ಮೌಲ್ಡಾ, ಹೆಂಚಾ? ಗಾಡಿ ಏನಾದ್ರೂ ಇದ್ಯಾ?"

ಇಷ್ಟೆಲ್ಲ ಕೇಳುವವನು ಗಂಡಿನ ಕಡೆಯವನಲ್ಲದೆ ಇನ್ನಾರು? ನನ್ನ ಬಾಯಿಂದ ಬಂದೇಬಿಟ್ಟಿತು. "ಇದೇ ಮನೆ ಸಾರ್, ಮೂರು ಫ್ಲೋರು. ಕಾರೂ ನಮ್ದೇ."

ಒಂದೇ ಮನೆತನ, ಅಣ್ಣನದಾದರೇನು ತಮ್ಮನದಾದರೇನು ಅಂದುಕೊಂಡೆ. ಅವನು ಮನೆಯ ಫೋಟೋ ತೆಗೆದ. ಹುಡುಗನ ತಾಯಿಗೆ ಕಳಿಸಲು ಇರಬೇಕು ಎಂದು ನಾನು ಕಾರಿನ ಮೇಲೆ ಒಣಹಾಕಿದ್ದ ಬಟ್ಟೆಯನ್ನು ಸರಸರ ಎತ್ತಿಕೊಂಡೆ. ಕಾಫಿಗೆ ಕರೆದೆ, ಬೇಡ ಅಂದ. ಅಲ್ಲಿಂದ ನೇರ ಈರವ್ವನ ಶೀಟಿನ ಮನೆಗೆ ಹೋದ. ಹುಡುಗಿಯ ಗುಣ ನಡತೆ ಕೇಳಲು ಹೋಗಿದ್ದಾನೆ, ಈರವ್ವ ಒಳ್ಳೆಯದನ್ನೇ ಹೇಳುತ್ತಾಳೆ ಎಂದು ಹಿಗ್ಗಿಕೊಂಡು ಒಳಗೆ ಬಂದೆ.

ದೊಡ್ಡಬಳ್ಳಾಪುರದವರು ಯಾರನ್ನೂ ಕಳಿಸಿರಲೇ ಇಲ್ಲ. ಬಂದವನು ವಸತಿ ಯೋಜನೆಯ ಸರ್ವೆಯವನು. ವಾರ್ಡ್ ಆಫೀಸಿನಲ್ಲಿ ಹೆಸರು ಓದಿದಾಗ ಈರವ್ವನದು ಬಂತು, ನಮ್ಮದು ಬರಲಿಲ್ಲ. ಮೂರಂತಸ್ತಿನ ಮನೆ, ಕಾರು ಇರುವವರಿಗೆ ಸರ್ಕಾರ ಯಾಕಮ್ಮ ಮನೆ ಕಟ್ಟಿಸಿಕೊಡುತ್ತದೆ ಎಂದು ಅಲ್ಲಿನ ಗುಮಾಸ್ತ ನಕ್ಕ. ಮನೆಗೆ ಬಂದು ಹೇಳಿದರೆ ಯಜಮಾನರೂ ನಕ್ಕರು.

"ನಾನೊಬ್ನೇ ಅವಸರಗಾರ ಅಂತಿದ್ಯಲ್ಲ. ಈಗೇನಂತೀಯ?"

ಅವತ್ತು ಅವರ ಜೊತೆ ಮಾತು ಬಿಟ್ಟೆ. ಈರವ್ವನ ಜೊತೆಗೂ ಬಿಟ್ಟೆ. ಅವಳು ಏನು ಮಾಡಿದ್ದಳು ಅಂದರೆ, ಏನೂ ಇಲ್ಲ. ಅವಳಿಗೆ ಮನೆ ಬಂತು, ಅಷ್ಟು ಸಾಲದೇ?

ತಳಪಾಯಕ್ಕೆ ಒಂದು ಕಂತು, ಗೋಡೆಗೆ ಒಂದು, ಮೌಲ್ಡಿಗೆ ಒಂದು. ಪ್ರತಿ ಸಲವೂ ಇಂಜಿನಿಯರ್ ಬಂದು, ಆದಷ್ಟು ಕೆಲಸದ ಮುಂದೆ ಮನೆಯೊಡತಿಯನ್ನು ನಿಲ್ಲಿಸಿ ಫೋಟೋ ತೆಗೆದ ಮೇಲೆಯೇ ಮುಂದಿನ ಕಂತು ಬರುವುದು. ತಳಪಾಯದ ಫೋಟೋಗೆ ಈರವ್ವ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಕಲ್ಲಿನ ಸಾಲಿನ ಮುಂದೆ ಮದುಮಗಳ ಹಾಗೆ ನಿಂತಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹೊರಗೆ ಕೂತು ಒಂದೇ ತಪ್ಪಲೆಯನ್ನು ಸವೆದುಹೋಗುವಷ್ಟು ಉಜ್ಜಿದೆ. ಅದರ ಜೊತೆಗೇ ಬೀದಿ ಸುಧಾರಣೆಗೂ ಅನುದಾನ ಬಂತು. ಚರಂಡಿಗೆ ಚಪ್ಪಡಿ ಹಾಸಿದರು, ಒಂದು ಹೊಸ ದೀಪದ ಕಂಬ ನೆಟ್ಟರು. ಕಂಬ ಎಲ್ಲಿ ನೆಟ್ಟರು? ಈರವ್ವನ ಬಾಗಿಲಿಗೆ. ಬೆಳಕು ನಮ್ಮ ಅಂಗಳಕ್ಕೂ ಬೀಳುತ್ತಿತ್ತು. ಅದೂ ಅವಳ ಕೃಪೆಯಿಂದ ಬಿದ್ದ ಹಾಗೆ ಕಾಣುತ್ತಿತ್ತು ನನಗೆ.

ಮೌಲ್ಡಿಗೆ ಹಲಗೆ ಹೊಡೆದು ಕಂಬಿ ಕಟ್ಟಿದಾಗ ನೋಡಿದೆ, ಕಿಟಕಿಯ ಮೇಲಿನ ಸಜ್ಜ ನಮ್ಮ ಕಡೆಗೆ ಒಂದು ಗೇಣು ಚಾಚಿತ್ತು. ನನಗೆ ಅಷ್ಟೇ ಸಾಕಾಯಿತು. ಬಾಯಿ ಮಾಡಿ ಬೀದಿಯನ್ನೆಲ್ಲ ಸೇರಿಸಿದೆ, ಇಂಜಿನಿಯರಿಗೆ ಫೋನು ಮಾಡಿಸಿದೆ. ಕೆಲಸ ನಿಂತಿತು.

ಈರವ್ವ ಬಂದು ನಮ್ಮ ಹೊಸಿಲಾಚೆ ನಿಂತಳು. "ಅಕ್ಕಾರ, ಮಳಿ ನೀರು ಕಿಟಕ್ಯಾಗ ಬರಬಾರ್ದಂತ ಬಿಟ್ಟೇವ್ರಿ. ಒಂದ್ ಗೇಣ್ ಐತಿ. ಬ್ಯಾಡ ಅಂದ್ರ ಕೊಯ್ಸತೀನ್ರಿ."

"ಗೇಣಾದ್ರೂ ನಮ್ ಜಾಗ ಕಣಮ್ಮ. ಕೊಯ್ಸು."

ಕೊಯ್ಸಿದಳು. ಅಷ್ಟರಲ್ಲಿ ಮಳೆ ಹಿಡಿಯಿತು, ಮೌಲ್ಡು ತಡವಾಯಿತು, ಅವರಿಬ್ಬರೂ ಗೋಡೆಯ ಮೂಲೆಗೆ ಟಾರ್ಪಾಲು ಕಟ್ಟಿಕೊಂಡು ಆ ಮಳೆಗಾಲ ಕಳೆದರು. ಕೊನೆಗೆ ಮನೆಯಾಯಿತು. ಸಜ್ಜವಿಲ್ಲದ ಆ ಕಿಟಕಿಗೆ ಈರವ್ವ ಯಾವುದೋ ಹಳೆಯ ಫ್ಲೆಕ್ಸ್ ಬ್ಯಾನರು ಇಳಿಬಿಟ್ಟಳು. ನನ್ನ ಅಡುಗೆಮನೆಯಿಂದ ನೋಡಿದರೆ ಅದೇ ಎದುರಿಗೆ ಕಾಣುತ್ತದೆ. ಮೊದಮೊದಲು ಅದನ್ನು ನೋಡಿದಾಗ ಒಂದು ಥರದ ಸಮಾಧಾನವಾಗುತ್ತಿತ್ತು.

ನಾನೂ ಸುಮ್ಮನೆ ಕೂರಲಿಲ್ಲ. ಆಫೀಸಿಗೆ ಅಲೆದು ಅಲೆದು ಮರುಪರಿಶೀಲನೆ ಮಾಡಿಸಲು ಒಪ್ಪಿಸಿದೆ. ಇದೇ ಕೊನೆಯ ಅವಕಾಶ, ಈ ಸಲ ಹೆಸರು ಸೇರದಿದ್ದರೆ ಮತ್ತೆ ಸರ್ವೆ ಇಲ್ಲ ಅಂದರು. ನಯನಾಳ ಮದುವೆಯನ್ನು ಆ ಹೆಂಚಿನ ಕೆಳಗೆ ಮಾಡಬಾರದು ಎಂಬುದೊಂದೇ ನನ್ನ ಆಸೆ.

ಇಂಜಿನಿಯರ್ ಬಂದರು. ನಮ್ಮ ಮನೆಯನ್ನು ನೋಡಿದರು, ಮೂಲೆಯ ಮನೆಯನ್ನು ನೋಡಿದರು. "ರೆಕಾರ್ಡಲ್ಲಿ ನೀವು ಇರೋದು ಅಲ್ಲಿ ಅಂತಿದೆ. ನೀವೇ ಹೇಳಿದೀರಂತೆ. ಈಗ ಇಲ್ಲಿದ್ದೀನಿ ಅಂದ್ರೆ ಹೇಗಮ್ಮ? ಪಕ್ಕದ ಮನೆಯವ್ರೇ ಯಾರಾದ್ರೂ ಹೇಳ್ಬೇಕು. ನೆಂಟರು ಆಗಲ್ಲ."

ನಮ್ಮ ಒಂದು ಪಕ್ಕಕ್ಕೆ ಗಂಗಮ್ಮನ ಗುಡಿ. ಎದುರಿಗೆ ಅಪಾರ್ಟ್‌ಮೆಂಟಿನ ಹಿಂಗೋಡೆ. ಆಚೆ ಮೂಲೆಯಲ್ಲಿ ಭಾವನವರು, ಅವರು ನೆಂಟರು. ಉಳಿದವಳು ಈರವ್ವ ಒಬ್ಬಳೇ. ಅವಳು ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ 'ನನಗೆ ಗೊತ್ತಿಲ್ಲ ಸಾರ್' ಅಂದುಬಿಡುತ್ತಿದ್ದೆ, ಅಷ್ಟೇ ಸಾಕಿತ್ತು.

ಈರವ್ವ ಸೊಪ್ಪು ಕೆಳಗಿಟ್ಟು ಎದ್ದು ಬಂದಳು.

"ಇಲ್ಲೇ ಇರ್ತಾರ್ರಿ ಸಾಹೇಬ್ರ. ಮಳಿ ಬಂದ್ರ ಇದ್ದ ಬದ್ದ ಪಾತ್ರಿ ಎಲ್ಲಾ ನೆಲದ ಮ್ಯಾಲ ಇಡ್ತಾರ. ಹೋದ ಮಳಿಗಾಲದಾಗ ಹಾಸಿಗಿ ತೊಯ್ದು ಅಕ್ಕಾರು, ನಯನಾ ಕುಂತ ಬೆಳಗ ಮಾಡ್ಯಾರ. ನಂಗ ಕಿಟಕ್ಯಾಗಿಂದ ಎಲ್ಲಾ ಕಾಣ್ತೈತ್ರಿ."

"ಆ ಮೂಲೆ ಮನೆ?"

"ಅದು ಇವರದಲ್ರಿ. ಹಬ್ಬದಾಗ ಕೆಲಸಕ್ಕ ಕರದ್ರ ಅಕ್ಕಾರು ಅಲ್ಲಿ ಹೋಗ್ತಾರ, ಅಷ್ಟ."

ಅವಳ ದನಿ ಮೊದಲೇ ದೊಡ್ಡದು. ಮೂಲೆಯ ಮನೆಯ ಬಾಲ್ಕನಿಯಲ್ಲಿ ಓರಗಿತ್ತಿ ಗೌರಮ್ಮ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದದ್ದೆಲ್ಲ ನಡುಬೀದಿಯಲ್ಲಿ ಬಿತ್ತು. ಬೇಕೆಂದೇ ಹೇಳಿದಳಾ ಎಂದು ಈರವ್ವನ ಮುಖವನ್ನು ಹುಡುಕಿ ಹುಡುಕಿ ನೋಡಿದೆ. ಒಂದಿಷ್ಟು ಹಗೆ, ಒಂದು ಕೊಂಕು ನಗೆ ಸಿಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಏನೂ ಸಿಗಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಹೇಳಿದ್ದಳು.

"ಸರಿ ಬನ್ನಿ, ಮನೆ ಮುಂದೆ ನಿಂತ್ಕೊಳ್ಳಿ" ಅಂದರು ಇಂಜಿನಿಯರ್. ಗೌರಮ್ಮನ ಕಣ್ಣೆದುರಿಗೇ ಒಡೆದ ಹೆಂಚಿನ ಕೆಳಗೆ ಹೋಗಿ ನಿಂತೆ. ಈರವ್ವ ಬಂದು ನನ್ನ ಸೆರಗು ಸರಿಮಾಡಿ ಹಿಂದೆ ಸರಿದಳು.

ಫೋಟೋ ತೆಗೆದು ಇಂಜಿನಿಯರ್ ಎರಡು ಮನೆಗಳ ಸಂದಿಯನ್ನು ಇಣುಕಿ ನೋಡಿದರು. "ಹೆಸರು ಸೇರಿಸ್ತೀನಿ. ಆದ್ರೆ ಜಾಗ ಇಕ್ಕಟ್ಟಾಗಿದೆ. ನಿಮ್ಮ ಕಿಟಕಿಗೆ ಸಜ್ಜ ಬಿಟ್ರೆ ಅವ್ರ ಕಡೆ ಒಂದು ಗೇಣು ಹೋಗತ್ತೆ. ಅವ್ರು ಒಪ್ಪಬೇಕು. ಇಲ್ಲಾಂದ್ರೆ ಸಜ್ಜ ಇಲ್ದೇನೇ ಕಟ್ಕೊಳ್ಳಿ."

ನನ್ನ ಕಣ್ಣು ಆ ಫ್ಲೆಕ್ಸ್ ಬ್ಯಾನರಿನ ಮೇಲೆ ಹೋಯಿತು. ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನನಗೆ ಸಜ್ಜವೇ ಬೇಡ ಅನ್ನಲು ಬಾಯಿ ತೆರೆದೆ.

"ಬರ್ಲಿ ಬಿಡ್ರಿ ಸಾಹೇಬ್ರ" ಅಂದಳು ಈರವ್ವ. "ಸಜ್ಜ ಇಲ್ಲಂದ್ರ ನೀರು ಒಳಗ ಬರ್ತೈತಿ. ನಂಗ ಗೊತ್ತೈತಲ್ರಿ."

ಮತ್ತೆ ಹೋಗಿ ಸೊಪ್ಪಿನ ಮುಂದೆ ಕೂತಳು. ನನಗೆ ಮನೆ ಸಿಕ್ಕಿತ್ತು, ಸಜ್ಜವೂ ಸಿಕ್ಕಿತ್ತು, ಹೊಟ್ಟೆ ಮಾತ್ರ ಹಿಂದೆಂದೂ ಇಲ್ಲದಷ್ಟು ಉರಿಯುತ್ತಿತ್ತು. ಅವಳು ನಮ್ಮ ಹೊಸಿಲಾಚೆ ನಿಂತ ದಿನ ಬರಲಿ ಬಿಡು ಎಂಬ ಆ ಎರಡು ಮಾತು ನನ್ನ ಹತ್ತಿರವೂ ಇತ್ತು. ಅದನ್ನೂ ಅವಳೇ ಮೊದಲು ಆಡಿದಳು.