ಯಾರೂ ಹೆಸರಿಡದ ಸಾರು

ಕುಂಗ್ ತಮ್ಮ ಅಂಗಡಿಗೆ ಹೆಣ್ಣು ಕೇಳಲು ಬಂದ ತಾಯಿ-ಮಗನ ಮುಂದೆ ಎರಡು ಬಟ್ಟಲು ಫೋ, ಅಂದರೆ ಮೂಳೆಸಾರಿನ ಅಕ್ಕಿಶಾವಿಗೆ, ಇಟ್ಟು ಕೈಕಟ್ಟಿ ನಿಂತರು. ಒಲೆಯ ಹಿಂದೆ ಮಗಳು ಮಿಯೆನ್ ಸೌಟು ಹಿಡಿದು ಇಣುಕುತ್ತಿದ್ದಳು.

ಅವಳು ಮೆಚ್ಚಿದ ಲೋಯ್ ದಕ್ಷಿಣದ ಸಾಯ್ಗಾನಿನ ಹುಡುಗ. ಉತ್ತರದ ಹನೋಯಿಯ ಆ ಗಲ್ಲಿಯಲ್ಲಿ ಅದು ಸಣ್ಣ ಅಪರಾಧವಾಗಿರಲಿಲ್ಲ. ಕುಂಗ್‌ರ ಅಜ್ಜ ನಾಮ್ ದಿನ್ ಊರಿನಿಂದ ಕಾವಡಿಯಲ್ಲಿ ಹಂಡೆ ಹೊತ್ತು ತಂದಿದ್ದ ಸಾರು ಇದು. ದಕ್ಷಿಣದವರು ಅದಕ್ಕೆ ಸಕ್ಕರೆ ಹಾಕಿ, ಮೊಳಕೆಕಾಳು, ಕಾಮಕಸ್ತೂರಿ ಉದುರಿಸಿ, ಮೇಲೆ ಕಪ್ಪು ಸಿಹಿಗೊಜ್ಜು ಸುರಿದುಕೊಳ್ಳುತ್ತಾರೆ. "ಸಾರನ್ನ ಸಾರಿನ ಹಾಗೇ ಕುಡಿಯೋ ಮನೆಗೇ ಮಗಳು" ಎಂದು ಕುಂಗ್ ಘೋಷಿಸಿದ್ದರು.

ಮಿಯೆನ್ ಒಂದು ತಿಂಗಳು ಪಾಠ ಹೇಳಿಕೊಟ್ಟಿದ್ದಂತೆಯೇ ಲೋಯ್ ಏನನ್ನೂ ಕೇಳದೆ ಒಂದು ಗುಟುಕು ಹೀರಿದ. ರೆಪ್ಪೆ ಒಮ್ಮೆ ಅದುರಿತು.

"ಅದ್ಭುತ, ಮಾವ!"

"ಇನ್ನೂ ಮಾವ ಆಗಿಲ್ಲ. ತಿನ್ನು."

ಆದರೆ ಪಕ್ಕದಲ್ಲಿ ಕುಳಿತಿದ್ದ ಅವನ ತಾಯಿ ತಾಮ್‌ಗೆ ಯಾರೂ ಪಾಠ ಹೇಳಿರಲಿಲ್ಲ. ಆಕೆ ಕೈಚೀಲದಿಂದ ಮೊದಲು ಮೊಳಕೆಕಾಳಿನ ಪೊಟ್ಟಣ, ಅನಂತರ ಕಪ್ಪು ಗೊಜ್ಜಿನ ಬಾಟಲಿ ಹೊರತೆಗೆದರು. ಅಕ್ಕಪಕ್ಕದ ಗಿರಾಕಿಗಳ ಊಟದ ಕಡ್ಡಿಗಳು ಗಾಳಿಯಲ್ಲೇ ನಿಂತವು. ಹೋದ ವರ್ಷ ಇಲ್ಲಿ ಮೊಳಕೆ ಕೇಳಿದವನೊಬ್ಬ ಬಟ್ಟಲು ಮುಗಿಸುವ ಮೊದಲೇ ಬೀದಿಯಲ್ಲಿದ್ದ.

"ಅದನ್ನ ಒಳಗಿಡಿ" ಎಂದರು ಕುಂಗ್, ಬಹಳ ಮೆಲ್ಲಗೆ.

"ತಡೀರಿ ಅಣ್ಣ, ಮೊದ್ಲು ಬರೀ ಸಾರೇ ಕುಡೀತೀನಿ. ನಮ್ಮ ಕಡೆಯವ್ರಿಗೂ ದೇವ್ರು ನಾಲಿಗೆ ಕೊಟ್ಟಿದಾನೆ." ತಾಮ್ ಒಂದು ಚಮಚ ಕುಡಿದು ಕಣ್ಣು ಮುಚ್ಚಿದರು. "ಶುಂಠೀನ ಕೆಂಡದ ಮೇಲೆ ಸುಟ್ಟಿದೀರಿ. ಮೂಳೆ ಇಡೀ ರಾತ್ರಿ ಬೆಂದಿದೆ. ಚಕ್ರಮೊಗ್ಗು ಹದವಾಗಿದೆ."

ಕುಂಗ್‌ರ ಎದೆ ಒಂದಿಂಚು ಉಬ್ಬಿತು.

"ಆದ್ರೆ ಉಪ್ಪೇ ಇಲ್ವಲ್ಲ?"

ಒಲೆಯ ಹಿಂದೆ ಸೌಟು ನೆಲಕ್ಕೆ ಬಿತ್ತು. ಕುಂಗ್ ಬಟ್ಟಲನ್ನು ಕಸಿದು ಕುಡಿದರು. ಮತ್ತೆ ಕುಡಿದರು. ಹುಡುಗನ ಕಡೆಯವರನ್ನು ಎದುರಿಸುವ ಚಿಂತೆಯಲ್ಲಿ, ನಸುಕಿನಲ್ಲಿ ಹಂಡೆಗೆ ಉಪ್ಪುಮೀನಿನ ರಸ ಹಾಕುವುದನ್ನೇ ಮರೆತಿದ್ದರು.

"ಬೆಳಗ್ಗೆಯಿಂದ ಅರವತ್ತು ಜನ ತಿಂದ್ರು! ಒಬ್ಬನೂ ಬಾಯಿ ಬಿಡಲಿಲ್ವಲ್ಲ!"

ಗಿರಾಕಿಗಳು ಅತ್ಯಂತ ಶ್ರದ್ಧೆಯಿಂದ ಬಟ್ಟಲಿನೊಳಗೆ ನೋಡತೊಡಗಿದರು.

"ಹೇಳಿದ್ರೆ ನೀವು ಸುಮ್ನಿರ್ತಿದ್ರಾ, ಅಪ್ಪಾ?" ಎಂದಳು ಮಿಯೆನ್.

ಕುಂಗ್ ಲೋಯ್‌ನತ್ತ ತಿರುಗಿದರು. "ಅದ್ಭುತ ಅಂದ್ಯಲ್ಲೋ ನೀನು?"

"ಮಗಳನ್ನ ಕೊಡ್ತೀರಿ ಅಂದ್ರೆ ಬಿಸಿನೀರಿಗೂ ಅಂತಿದ್ದೆ."

ಕುಂಗ್ ಕಪಾಟಿನಿಂದ ಮೀನಿನ ರಸದ ಸೀಸೆ ಇಳಿಸಿಕೊಂಡು ಹಂಡೆಯತ್ತ ನಡೆದರು. ಅರ್ಧ ದಾರಿಯಲ್ಲಿ ನಿಂತು, ತಿರುಗದೆಯೇ ಹೇಳಿದರು:

"ಸ್ವಲ್ಪ ಬನ್ನಿ, ಬೀಗರೇ. ಇವತ್ತು ನನ್ನ ನಾಲಿಗೆ ನಂಬೋ ಹಾಗಿಲ್ಲ."

ತಾಮ್ ಎದ್ದು ಹೋದರು. ಹಂಡೆಯ ಮುಚ್ಚಳ ತೆರೆಯಿತು. ದಟ್ಟವಾದ ಹಬೆಯೊಳಗೆ ಬಾಗಿದ ಎರಡು ತಲೆಗಳಷ್ಟೇ ಕಾಣುತ್ತಿದ್ದವು. ನಡುನಡುವೆ ದಕ್ಷಿಣದ ಧ್ವನಿಯೊಂದು "ಇನ್ನೊಂಚೂರು" ಎನ್ನುತ್ತಿತ್ತು, ಸೀಸೆ ಬಗ್ಗುತ್ತಿತ್ತು.