ಎರಡನೇ ನೀಲಿ ಬಿರುಗಾಳಿ

ಪ್ಲಂಬರನನ್ನು ಪ್ಲಂಬರ್ ಅಂದರೆ ಬೇಜಾರಾಗಲು ಏನಿದೆ ಹೇಳಿ? ಊರೆಲ್ಲ ಅವನನ್ನು ಹಾಗೇ ಕೂಗುತ್ತದೆ, ಅವನೂ ಓಗೊಡುತ್ತಾನೆ. ಆದರೆ ಆ ಭಾನುವಾರ ಆ ಮಾತು ಬಂದದ್ದು ಚೂಟಿಯ ಬಾಯಿಂದ. ಚೂಟಿ ಅವನ ಹೆಂಡತಿಯ ಮಗಳು. ಹೆತ್ತಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇವನು ಮದುವೆಯಾಗಿ ಆ ಮನೆಗೆ ಬಂದು ಇನ್ನೂ ಮೂರು ತಿಂಗಳು.

ಅವನು ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ್ದ. ಆಟಕ್ಕೆ ಕರೆಯಲು ಬಂದ ಗೆಳತಿ ಬಾಗಿಲಲ್ಲೇ ನಿಂತು ಕೇಳಿದಳು: "ಯಾರೇ ಅದು? ಬರೀ ಕಾಲು ಕಾಣ್ತಿದೆ!"

"ಪ್ಲಂಬರ್," ಅಂದಳು ಚೂಟಿ.

ಸುಳ್ಳಂತೂ ಅಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು.

ಪಾಪ, ಅವನು ಮಾಡದ ಸರ್ಕಸ್ಸಿರಲಿಲ್ಲ. ಐಸ್‌ಕ್ರೀಮ್ ತಂದರೆ "ಥ್ಯಾಂಕ್ಸ್". ಸೈಕಲ್ಲಿಗೆ ಹೊಸ ಬೆಲ್ ಹಾಕಿಸಿದರೆ ಅದಕ್ಕೂ "ಥ್ಯಾಂಕ್ಸ್". ಕರೆಯಬೇಕಾದಾಗ "ಇಲ್ಲಿ ಕೇಳಿ" ಅನ್ನುತ್ತಿದ್ದಳೇ ಹೊರತು ಇನ್ನೊಂದು ಹೆಸರಿಲ್ಲ. ಒಮ್ಮೆ ಅಪ್ಪ ಅನ್ನಿಸಿಕೊಳ್ಳಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಅದನ್ನು ಕೇಳಿ ಪಡೆಯುವ ಹಾಗಿದೆಯೇ?

"ಅವಳು ದಿನಾ ಮುಳುಗಿರೋದು ಆ ನೀಲಿ ಬಿರುಗಾಳಿ ಕಾಮಿಕ್ಸಲ್ಲಿ. ನೀವೂ ಒಂದು ಓದಿ ನೋಡ್ರಿ," ಅಂದಳು ಹೆಂಡತಿ.

ಮಾರನೆಯ ದಿನವೇ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಕಾಮಿಕ್ಸ್ ಅಂಗಡಿಗೆ ನುಗ್ಗಿದ. "ನೀಲಿ ಬಿರುಗಾಳಿ ಕೊಡಿ. ಒಂದನೇ ನಂಬರಿಂದ."

ಅಂಗಡಿಯಾಕೆ ನಕ್ಕರು. "ನಾನೂರಕ್ಕೂ ಹೆಚ್ಚಿವೆ ಅಣ್ಣಾ. ಒಂದನೇದು ನಾನೇ ನೋಡಿಲ್ಲ."

"ಮೊದಲಿಂದ ಓದ್ದೇ ತಲೆಬುಡ ಹೇಗೆ ಗೊತ್ತಾಗತ್ತೆ? ತಳಪಾಯ ಇಲ್ದೆ ಮಾಳಿಗೆ ಕಟ್ಟೋಕಾಗತ್ತಾ?"

"ಇಲ್ಲಿ ಯಾರೂ ಮೊದಲಿಂದ ಓದಿದವರಲ್ಲ. ಎಲ್ಲರೂ ನಡುವೆ ಬಂದು ಸೇರಿದವರೇ. ಗೊತ್ತಾಗದಿದ್ರೆ ಗೊತ್ತಿರೋರನ್ನ ಕೇಳಿ, ನಾಚಿಕೆ ಪಡಬೇಡಿ," ಎಂದು ಆಕೆ ಒಂದು ಹಳೆಯದು, ಒಂದು ಹೊಸದು, ಎರಡು ಪುಸ್ತಕ ಕೈಗಿತ್ತರು.

ಸಂಜೆ ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಕೂತ. ಪುಟದ ಎಡಗಡೆಯ ಚಿತ್ರಗಳನ್ನೆಲ್ಲ ಮೇಲಿಂದ ಕೆಳಕ್ಕೆ ಓದಿ ಮುಗಿಸಿದ, ಆಮೇಲೆ ಬಲಗಡೆಯವನ್ನು. ನಾಯಕ ಕಟ್ಟಡದಿಂದ ಬಿದ್ದ, ಕಾಫಿ ಕುಡಿದ, ಮತ್ತೆ ಬಿದ್ದ! ಇದೆಂಥ ಹುಚ್ಚಪ್ಪ ಎಂದು ಅವನು ತಲೆ ಕೆರೆದುಕೊಂಡ. ನೀರು ಕುಡಿಯಲು ಬಂದ ಚೂಟಿಗೆ ತಡೆಯಲಾಗಲಿಲ್ಲ.

"ಅಯ್ಯೋ, ಹಾಗಲ್ಲ! ಮೊದಲು ಅಡ್ಡಕ್ಕೆ ಓದಿ, ಆಮೇಲೆ ಕೆಳಗಿನ ಸಾಲು!" ಎಂದು ಬೆರಳಿಟ್ಟು ತೋರಿಸಿದಳು. ತೋರಿಸುತ್ತಾ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟಳು.

ಮುಂದಿನ ಪುಟದಲ್ಲಿ ನೀಲಿ ಬಿರುಗಾಳಿ ಒಂದೇ ಗುದ್ದಿಗೆ ಗೋಡೆ ಒಡೆದ. "ಛೇ ಛೇ! ಒಳಗೆ ನೀರಿನ ಪೈಪಿರತ್ತಲ್ಲ! ಯಾರು ರಿಪೇರಿ ಮಾಡ್ಬೇಕು?" ಅಂದ ಇವನು, ನಿಜವಾದ ಸಂಕಟದಿಂದ. ಚೂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗು ಅಷ್ಟು ಜೋರೆಂದು ಅವನಿಗೆ ಅವತ್ತೇ ಗೊತ್ತಾದದ್ದು.

"ಈ ಪೋಸ್ಟ್‌ಮ್ಯಾನ್ ಯಾರು? ಎಲ್ಲಾ ಕಡೆ ಬರ್ತಾನೆ."

"ಅವನೇ ನೀಲಿ ಬಿರುಗಾಳಿ! ಕಾಗದ ಹಂಚೋದು ಮಾರುವೇಷ. ಮನೆಯವರಿಗೆ ಮಾತ್ರ ಗೊತ್ತು."

ಅವನು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟ. "ನೋಡು, ಅಚ್ಚಿನವರು ಎಡವಟ್ಟು ಮಾಡಿದಾರೆ. ಇದರಲ್ಲಿ ಗಲ್ಲದ ಮೇಲೆ ಮಚ್ಚೆ ಇದೆ, ಇದರಲ್ಲಿ ಇಲ್ಲ."

ಚೂಟಿಯ ನಗು ನಿಂತಿತು. "ತಪ್ಪಲ್ಲ ಅದು. ಮಚ್ಚೆ ಇದ್ದವನು ಮೊದಲನೆಯವನು. ಅವನು ಸತ್ತುಹೋದ. ಇವನು ಎರಡನೆಯವನು."

ಅವನು ಎರಡನೆಯವನ ಚಿತ್ರದ ಮೇಲೆ ಬೆರಳಿಟ್ಟು ಕೇಳಿದ: "ಜನ ಒಪ್ಪಿಕೊಂಡ್ರಾ?"

"ಎಲ್ಲಿ! ಮೊದಮೊದಲು ಮುಖ ತಿರುಗಿಸ್ತಿದ್ರು. ಇವನಿಗೆ ಅವನಷ್ಟು ಚೆನ್ನಾಗಿ ಹಾರೋಕೆ ಬರಲ್ಲ, ಮರಕ್ಕೆಲ್ಲ ಡಿಕ್ಕಿ ಹೊಡೀತಾನೆ. ಆದ್ರೆ ಕರೆದ ತಕ್ಷಣ ಬರ್ತಾನೆ."

"ಹೆಸರು ಮಾತ್ರ ಅದೇ."

"ಹೆಸರು ಅದೇ. ಆದ್ರೆ ಮೊದಲನೆಯವನ ಜಾಗ ಮೊದಲನೆಯವನದ್ದೇ," ಅಂದಳು ಚೂಟಿ, ಜಗಳಕ್ಕೆ ನಿಂತವಳ ಹಾಗೆ.

"ಹೂಂ ಮತ್ತೆ! ಅದನ್ನ ಯಾರೂ ಮುಟ್ಟಬಾರದು," ಅಂದ ಅವನು. ಮನಸ್ಸಿನಿಂದಲೇ ಅಂದ. ಚೂಟಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಪುಟ ತಿರುಗಿಸಿದಳು. ಆ ವಾರವೆಲ್ಲ ಸಂಜೆ ಇಬ್ಬರದೂ ಅದೇ ಕೆಲಸ.

ಮುಂದಿನ ಭಾನುವಾರ ತಾನೇ ಹಾಕಿದ ವಾಷರ್ ಕೈಕೊಟ್ಟು, ನಮ್ಮ ಮಹಾಶಯ ಮತ್ತೆ ಸಿಂಕಿನ ಕೆಳಗೆ. ಅದೇ ಗೆಳತಿ ಬಂದಳು.

"ಇದೇನೇ, ನಿಮ್ಮ ಪ್ಲಂಬರ್ ಇನ್ನೂ ಇಲ್ಲೇ ಇದಾರೆ?"

ಸ್ಪ್ಯಾನರ್ ನಿಂತಿತು. ಹುಡುಗಿ ಏನನ್ನುತ್ತಾಳೋ ಎಂದು ಅವನು ಮೈಯೆಲ್ಲ ಕಿವಿಯಾಗಿ ಬಿದ್ದುಕೊಂಡಿದ್ದ.

ಚೂಟಿ ಗೆಳತಿಯ ಕಿವಿಗೆ ಬಾಯಿಟ್ಟಳು. ಅವಳ ಪಿಸುಮಾತೋ, ಪಕ್ಕದ ಮನೆಗೂ ಕೇಳುವಂಥದ್ದು.

"ಪ್ಲಂಬರ್ ಅನ್ನೋದು ಮಾರುವೇಷ ಕಣೇ. ಮನೆಯವರಿಗೆ ಮಾತ್ರ ಗೊತ್ತು. ಅವರು ನನ್ನ ಎರಡನೇ ಅಪ್ಪ. ಯಾರಿಗೂ ಹೇಳ್ಬೇಡ!"

ಸಿಂಕಿನ ಕೆಳಗಿಂದ ಹೊರಗೆ ಕಾಣುತ್ತಿದ್ದ ಎರಡು ಕಾಲುಗಳ ಹತ್ತೂ ಬೆರಳುಗಳು ಕುಣಿಯುತ್ತಿದ್ದವು.